ಬಿಳಿ ಗೆರೆಯ ರೋಬೋ

ಹೋದ ತಿಂಗಳು ಇಬ್ಬರು ಹೊಸ ವಿಜ್ಞಾನ ಶಿಕ್ಷಕಿಯರು ನಿವೃತ್ತಳಾದ ನನ್ನನ್ನು ಕಾಣಲು ಹುಣಸೂರಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಶಾಲೆಗೆ ರೋಬೋ ಕಿಟ್ಟು ಬಂದಿದೆಯಂತೆ, ಮಕ್ಕಳನ್ನು ಸ್ಪರ್ಧೆಗೆ ಕರೆದುಕೊಂಡು ಹೋಗಬೇಕಂತೆ. "ಮಿಸ್, ನೀವು ಆ ಕಾಲದಲ್ಲೇ ಮಾಡಿಸಿದ್ರಂತೆ. ಎಲ್ಲಿಂದ ಶುರು ಮಾಡೋದು ಹೇಳಿ" ಅಂದರು. "ನಿಯಮದ ಕಾಗದಾನ ಕೊನೇ ಪುಟದ ತನಕ ಓದೋದರಿಂದ" ಅಂದೆ. ಇಬ್ಬರೂ ನಕ್ಕರು. ನಾನು ನಗಲಿಲ್ಲ. ಕಾಫಿ ಕೊಟ್ಟು ಕಳಿಸಿದ ಮೇಲೆ, ಪೂರ್ತಿ ಹೇಳದೆ ಕಳಿಸಿಬಿಟ್ಟೆನಲ್ಲ ಅನ್ನಿಸಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನನ್ನ ನಾಲಿಗೆ ಒಳ್ಳೆಯದಲ್ಲ. ಮಕ್ಕಳು ಬೆನ್ನ ಹಿಂದೆ ನನ್ನನ್ನು "ಮೆಣಸಿನಕಾಯಿ ಮಿಸ್" ಅನ್ನುತ್ತಿದ್ದುದು ನನಗೆ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಖಡಕ್ಕಾಗಿದ್ದರೇನೇ ಮಾಸ್ತರಿಕೆ ಅಂತ ನಾನು ಸೇರಿದಾಗ ಎಲ್ಲರೂ ನಂಬಿದ್ದರು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಕಡೆ ಇದ್ದೆ. ಆಗ ವಿಜ್ಞಾನ ವಸ್ತುಪ್ರದರ್ಶನ ಅಂದರೆ ಹೀಗೆ: ಮಾಡೆಲ್ ಮಾಡುವವರು ಮೇಷ್ಟ್ರು, ಇಲ್ಲವೇ ಮೇಷ್ಟ್ರು ಗೊತ್ತುಮಾಡಿದ ಬಡಗಿ. ಹುಡುಗನ ಕೆಲಸ ಬಾಯಿಪಾಠ. ನಾನೂ ಹಾಗೇ ಗಾಳಿಯಿಂದ ಕರೆಂಟು ಮಾಡುವ ಒಂದು ಮಾಡೆಲನ್ನು ಮನೆಯ ಜಗಲಿಯಲ್ಲಿ ಕೂತು ಮಾಡಿದೆ. ರೆಕ್ಕೆ ತಿರುಗಿದರೆ ಪುಟ್ಟ ಬಲ್ಬು ಮಿಣಕ್ ಮಿಣಕ್ ಅನ್ನುತ್ತಿತ್ತು. ಒಬ್ಬ ಜಾಣ ಹುಡುಗನಿಗೆ ಎರಡು ಪುಟದ ಭಾಷಣ ಉರು ಹೊಡೆಸಿದೆ. ಪ್ರದರ್ಶನದ ದಿನ ವಯಸ್ಸಾದ ತೀರ್ಪುಗಾರರೊಬ್ಬರು ಬಂದು, ಎಲ್ಲಾ ಕೇಳಿಸಿಕೊಂಡು, ಬಲ್ಬಿನ ಒಂದು ತಂತಿ ಕಿತ್ತು, "ಈಗ ಹಾಕು ಮಗು" ಅಂದರು. ಹುಡುಗ ತಂತಿ ನೋಡಿದ, ನನ್ನನ್ನು ನೋಡಿದ, ಕೈಕಟ್ಟಿ ಮತ್ತೆ ಮೊದಲಿಂದ ಶುರುಮಾಡಿದ: "ಮಾನ್ಯ ತೀರ್ಪುಗಾರರೇ, ಗುರುಹಿರಿಯರೇ..." ಅವರು ತಡೆದರು. ಅವನು ಮೂರನೇ ಸಲ ಶುರುಮಾಡಿ ಅತ್ತುಬಿಟ್ಟ.

ತೀರ್ಪುಗಾರರು ನನ್ನ ಕಡೆ ತಿರುಗಿ, "ಮಾಡೆಲ್ ಚೆನ್ನಾಗಿದೆ ಮೇಡಂ. ಬಹುಮಾನ ಯಾರ ಹೆಸರಿಗೆ ಬರೀಲಿ?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಆ ಹುಡುಗ ಕಿಟಕಿ ಕಡೆ ಮುಖ ಮಾಡಿ ಕೂತೇ ಇದ್ದ. ಅವತ್ತು ನಿಶ್ಚಯ ಮಾಡಿದೆ, ಇನ್ನು ಮುಂದೆ ಮಕ್ಕಳು ಕೈಯಾರೆ ಮಾಡಿದ್ದನ್ನೇ ತೋರಿಸುವುದು ಅಂತ. ನಿಶ್ಚಯ ಮಾಡಿದಷ್ಟು ಸುಲಭವಾಗಿ ನನ್ನ ಕೈ ಸುಮ್ಮನಿರಲಿಲ್ಲ, ಆ ಮಾತು ಬೇರೆ.

ಆಮೇಲೆ ಕೆ.ಆರ್. ನಗರದ ಕಡೆ ಒಂದು ಶಾಲೆಗೆ ವರ್ಗವಾಯಿತು. ಅಲ್ಲಿನ ಹೆಡ್‌ಮಾಸ್ಟರು ಬಹಳ ಸಂಭಾವಿತರು, ಆದರೆ ಪ್ರಯೋಗದ ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ಕೇಳಿದರೆ, "ಮುಟ್ಟಿದ್ರೆ ಒಡ್ದೋಗ್ತವೆ ಕಣ್ರೀ. ಚಿತ್ರ ಬರ್ದು ತೋರ್ಸಿ, ಸಾಕು" ಅನ್ನುತ್ತಿದ್ದರು. ನಾಲ್ಕು ವರ್ಷ ನಾನು ಮೈಕ್ರೋಸ್ಕೋಪನ್ನು ಬೋರ್ಡಿನ ಮೇಲೆ ಬರೆದೆ. ಕೊನೆಗೊಂದು ದಿನ ಮೇಲಧಿಕಾರಿಗಳು ತನಿಖೆಗೆ ಬಂದಾಗ ಬೀರು ತೆಗೆಸಿದರೆ ಚಾರ್ಟುಗಳನ್ನೆಲ್ಲ ಗೆದ್ದಲು ತಿಂದು ಮುಗಿಸಿತ್ತು. ಮೈಕ್ರೋಸ್ಕೋಪಿನ ಮರದ ಪೆಟ್ಟಿಗೆ ಮುಟ್ಟಿದರೆ ಪುಡಿ. "ಯಾರೂ ಮುಟ್ಟೇ ಇಲ್ಲ ಸಾರ್!" ಅಂತ ಹೆಡ್‌ಮಾಸ್ಟರು ಅಳುವ ಹಾಗಾದರು. ನಗು ಬಂದರೂ ಪಾಪ ಅನ್ನಿಸಿತು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಬದಲಿಸಿ ಹೋಗಬೇಕಿತ್ತು. ಒಂಬತ್ತನೇ ಕ್ಲಾಸಿನ ಹಾಜರಿಯಲ್ಲಿ ಬೊಮ್ಮಿ ಅಂತ ಒಂದು ಹೆಸರಿತ್ತು, ಹುಡುಗಿ ಮಾತ್ರ ಬರುತ್ತಿರಲಿಲ್ಲ. ಕಾಡಂಚಿನ ಹಾಡಿಯವಳು, ಬುಡಕಟ್ಟು ಜನರ ಪುಟ್ಟ ಕೇರಿ ಅದು. ಹಿಂದೆ ಓದುತ್ತಿದ್ದ ಶಾಲೆಯಲ್ಲಿ ಯಾರೋ ಇಡೀ ಕ್ಲಾಸಿನ ಮುಂದೆ ಎದ್ದುನಿಲ್ಲಿಸಿ ಹಾಡಿಯ ಹೆಸರೆತ್ತಿ ಹೀಯಾಳಿಸಿದ್ದರಂತೆ. ಹುಡುಗಿ ಚೀಲ ಎತ್ತಿಕೊಂಡು ನಡೆದುಬಿಟ್ಟವಳು ವರ್ಷವಿಡೀ ಮನೆಯಲ್ಲೇ ಇದ್ದಳು. ನಾನು ಹಾಡಿಗೇ ಹೋದೆ. ಅವಳ ಅವ್ವ ಕಾಳಮ್ಮ ಅಂಗಳದಲ್ಲಿ ಸೀಗೆಕಾಯಿ ಹರಡುತ್ತಿದ್ದವರು ಕೈ ಒರೆಸಿಕೊಂಡು ನಿಂತರು.

"ಓದಾದು ಬ್ಯಾಡ ಅಂತ ನಾ ಅಂದಿಲ್ಲ ಮೇಡಮ್ಮೋರೆ" ಅಂದರು. "ಒಂದೇ ಮಾತು. ನಾಕ್ ಜನ್ರ ಮುಂದೆ ನಮ್ ಉಡ್ಗೀನ ಬೈಬ್ಯಾಡಿ. ತಪ್ ಮಾಡುದ್ರೆ ಒಳಕ್ ಕರ್ದು ಏನಾರ ಅನ್ನಿ, ನಾ ಕೇಳಾಕಿಲ್ಲ. ನಾಕ್ ಜನ್ರ ಮುಂದೆ ಅಂದ್ರೋ, ಅವತ್ತೇ ಕರ್ಕಂಡ್ ಬತ್ತೀನಿ. ಆಮೇಲೆ ನೀವ್ ಏನ್ ಯೋಳುದ್ರೂ ಕಳ್ಸಾಕಿಲ್ಲ."

"ಆಗಲಿ ಕಣಮ್ಮ, ಮಾತು ಕೊಟ್ಟೆ" ಅಂದೆ. ನನ್ನ ನಾಲಿಗೆಯ ಪರಿಚಯ ನನಗೇ ಇದ್ದದ್ದರಿಂದ ಅಷ್ಟು ಸಲೀಸಾಗಿ ಹೇಳಬಾರದಿತ್ತು.

ಬೊಮ್ಮಿ ಬಂದಳು. ಮಾತು ಕಮ್ಮಿ, ಕೈ ಚುರುಕು. ಮುರಿದ ಬೀಗ, ನಿಂತ ಗಡಿಯಾರ, ಏನೇ ಕೊಟ್ಟರೂ ಮೊದಲು ಸುತ್ತ ತಿರುಗಿಸಿ ನೋಡಿ ಆಮೇಲೆ ಬಿಚ್ಚುತ್ತಿದ್ದಳು. ಅದೇ ವರ್ಷ ಮೈಸೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಿಂದ ಎರಡು ಪುಟದ ಇಂಗ್ಲಿಷ್ ಕಾಗದ ಬಂತು. ನೆಲದ ಮೇಲೆ ಎಳೆದ ಗೆರೆಯನ್ನು ತಾನೇ ಹಿಡಿದು ಓಡುವ ಪುಟ್ಟ ಯಂತ್ರ ಮಾಡಿ ತರಬೇಕು, ಹೈಸ್ಕೂಲಿನವರೂ ಬರಬಹುದು ಅಂತ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ಕಾಯುತ್ತಾ ಮೊದಲ ಪುಟ ಓದಿದೆ. ಬಸ್ಸು ಬಂತು. ಕಾಗದ ಮಡಚಿ ಪರ್ಸಿಗೆ ಹಾಕಿದೆ. ಎರಡನೇ ಪುಟ ಹಾಗೇ ಉಳಿಯಿತು.

ನಮ್ಮ ತಂಡ ಐದು ಮಕ್ಕಳದು. ಬೊಮ್ಮಿ ಬೆಸುಗೆಗೆ, ನಾಗರಾಜ ಬಾಯಿಗೆ, ಉಳಿದ ಮೂವರು ಮಿಕ್ಕಿದ್ದಕ್ಕೆ. ನಾಗರಾಜ ಅಂದರೆ ಕೇಳಿದವರಿಗೂ ಕೇಳದವರಿಗೂ ವಿವರಣೆ ಕೊಡುವ ಹುಡುಗ. ಹ್ಯಾಂಡ್‌ಪೋಸ್ಟಿನ ರೇಡಿಯೋ ರಿಪೇರಿ ಅಂಗಡಿಯ ಅಫ್ಸರ್ ಭಾಯಿ ಬೆಸುಗೆ ಹಾಕುವುದನ್ನು ಹೇಳಿಕೊಟ್ಟರು. ಕೆಟ್ಟ ಆಟದ ಕಾರುಗಳ ಮೋಟಾರು, ಹವಾಯಿ ಚಪ್ಪಲಿ ಕತ್ತರಿಸಿದ ಚಕ್ರ, ಸ್ಟೀಲ್ ಟಿಫಿನ್ ಡಬ್ಬಿಯ ಮುಚ್ಚಳವೇ ಮೈ. ಮುಂದಿನ ಚಕ್ರದ ಜಾಗದಲ್ಲಿ ಒಂದು ಐಸ್‌ಕ್ರೀಮ್ ಚಮಚ ಜಾರುತ್ತಿತ್ತು. ಹೊಟ್ಟೆಯಡಿ ಎಡಕ್ಕೊಂದು ಬಲಕ್ಕೊಂದು ಬೆಳಕು ನೋಡುವ ಕಣ್ಣು. ಗೆರೆ ಎರಡು ಕಣ್ಣಿನ ನಡುವೆ ಇದ್ದರೆ ಎರಡೂ ಮೋಟಾರು ಓಡಬೇಕು, ಒಂದು ಕಣ್ಣಿಗೆ ಗೆರೆ ಬಿದ್ದರೆ ಆ ಕಡೆಯ ಮೋಟಾರು ನಿಂತು ಯಂತ್ರ ಆ ಕಡೆಗೇ ತಿರುಗಬೇಕು. ಇಷ್ಟೇ ವಿದ್ಯೆ. ಇಷ್ಟಕ್ಕೇ ಎರಡು ತಿಂಗಳು ಬೇಕಾಯಿತು.

ಒಂದು ಮಧ್ಯಾಹ್ನ ಬೊಮ್ಮಿ ಕೇಳಿದಳು, "ಮಿಸ್, ಗೆರೆ ಯಾವ ಬಣ್ಣ ಅಂತ ಬರ್ದವ್ರೆ ಕಾಗ್ದದಲ್ಲಿ?"

"ಗೆರೆ ಅಂದ್ರೆ ಬಿಳೀದೇ ಕಣೇ! ಕಪ್ಪು ರಂಗೋಲಿ ಎಲ್ಲಾದ್ರೂ ನೋಡಿದ್ದೀಯಾ? ಕೇಳೋದು ಬಿಟ್ಟು ಕೆಲಸ ಮಾಡು" ಅಂದೆ. ಉಳಿದವರು ಕಿಸಕ್ಕೆಂದರು. ಬೊಮ್ಮಿ ತಲೆ ಬಗ್ಗಿಸಿ ಬೆಸುಗೆ ಕಡ್ಡಿ ಎತ್ತಿಕೊಂಡಳು.

ಈಗ ಕೇಳಿದರೆ ಎಂಥ ದಡ್ಡತನ ಅನ್ನುತ್ತೀರಿ. ಆದರೆ ನಮ್ಮ ಕಡೆ ಗೆರೆ ಅಂದರೆ ಬೇರೆ ಯಾವುದಿತ್ತು? ಬೋರ್ಡಿನ ಮೇಲೆ ಸೀಮೆಸುಣ್ಣ, ಬಾಗಿಲ ಮುಂದೆ ರಂಗೋಲಿ, ಕಬಡ್ಡಿ ಅಂಕಣಕ್ಕೆ ಸುಣ್ಣ. ಶಾಲೆಯ ನೆಲ ಕೆಂಪು ಗಾರೆಯದು. ಅದರ ಮೇಲೆ ರಂಗೋಲಿ ಪುಡಿಯಲ್ಲಿ ಗೆರೆ ಎಳೆದು ಓಡಿಸಿದೆವು. ಯಂತ್ರ ಬಿಳಿ ಗೆರೆ ಹಿಡಿದು ಸೊಗಸಾಗಿ ಓಡಿತು. ನನ್ನ ಮಾತು ನಿಜವಾಯಿತು ಅಂತ ನಾನೂ ಬೀಗಿದೆ.

ಊರೂರಿಗೆ ತೋರಿಸೋಣ ಅಂದವನು ನಾಗರಾಜ. ಶನಿವಾರ ಬೆಳಗಿನ ಶಾಲೆ ಮುಗಿಸಿ ಸುತ್ತಲ ಹಳ್ಳಿಗೆ ಹೊರಡುತ್ತಿದ್ದೆವು. ಸಗಣಿ ಸಾರಿಸಿದ ಅಂಗಳದಲ್ಲಿ ಹೆಣ್ಣುಮಕ್ಕಳೇ ಗೆರೆ ಎಳೆದುಕೊಡುತ್ತಿದ್ದರು. ಬಿಸಿಲು ಬಿದ್ದರೆ ಯಂತ್ರದ ಕಣ್ಣು ಕೋರೈಸಿ ನಿಂತುಬಿಡುತ್ತಿದ್ದರಿಂದ, ಮದುವೆ ಗಂಡಿಗೆ ಹಿಡಿದ ಹಾಗೆ ನಾಗರಾಜ ಕಪ್ಪು ಕೊಡೆ ಹಿಡಿದುಕೊಂಡು ಅದರ ಹಿಂದೆಯೇ ಬಗ್ಗಿ ನಡೆಯುತ್ತಿದ್ದ. ಯಂತ್ರಕ್ಕಿಂತ ಅವನನ್ನು ನೋಡಿ ಜನ ಹೆಚ್ಚು ನಗುತ್ತಿದ್ದರು. "ನಾವ್ ಎಳ್ದಂಗೆ ಓಯ್ತದಲ್ಲೇ ಮುಂಡೇದು!" ಅಂತ ಒಬ್ಬ ಅಜ್ಜಿ ಬೇಕೆಂತಲೇ ಅಂಕುಡೊಂಕು ಗೆರೆ ಎಳೆದು ಪರೀಕ್ಷೆ ಮಾಡಿದರು.

ಬೊಮ್ಮಿಯ ಹಾಡಿಗೂ ಹೋದೆವು. ಅಲ್ಲಿ ರಂಗೋಲಿ ಪುಡಿ ಇರಲಿಲ್ಲ. ಕಾಳಮ್ಮನೇ ಒಲೆಯ ಬೂದಿ ತಂದು ಉದ್ದಕ್ಕೆ ಗೆರೆ ಸುರಿದರು. ಯಂತ್ರ ಓಡಿತು. ಹಾಡಿಯ ಮಕ್ಕಳು ಹೋ ಅಂದವು. ಕಾಳಮ್ಮ ನಗಲಿಲ್ಲ, ಕುಕ್ಕರಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, "ಗೆರೆ ಇಲ್ದಿದ್ರೆ ಏನ್ ಮಾಡ್ತದೆ ಇದು?"

ನಾನು ಬಾಯಿ ತೆರೆಯುವ ಮೊದಲೇ ಬೊಮ್ಮಿ ಹೇಳಿದಳು, "ಗೆರೆ ಒಸಿ ಕಡ್ದೋಗಿದ್ರೆ ನೆಟ್ಗೆ ಓಯ್ತದೆ ಕಣವ್ವ, ಮುಂದೆ ಸಿಕ್ತದೆ. ಗೆರೆನೇ ಇಲ್ದಿದ್ರೆ ಗೊತ್ತಿಲ್ಲ."

"ತಿಳ್ಕೊ ಮತ್ತೆ" ಅಂದರು ಕಾಳಮ್ಮ.

ಸ್ಪರ್ಧೆಯ ದಿನ ಮೈಸೂರಿನ ಕಾಲೇಜಿನ ದೊಡ್ಡ ಹಾಲು. ಪಟ್ಟಣದ ಶಾಲೆಗಳ ಮಕ್ಕಳು ಟೈ ಕಟ್ಟಿಕೊಂಡು, ಅಂಗಡಿಯಿಂದ ತಂದ ಮಿರಿಮಿರಿ ಯಂತ್ರ ಹಿಡಿದು ಬಂದಿದ್ದರು. ನಮ್ಮದು ಟಿಫಿನ್ ಡಬ್ಬಿಯ ಮುಚ್ಚಳ. ನೆಲದ ಮೇಲೆ ಬಿಳಿ ಬೋರ್ಡು ಜೋಡಿಸಿ ದಾರಿ ಮಾಡಿದ್ದರು. ಹಗ್ಗ ಕಟ್ಟಿದ್ದ ಕಡೆಯಿಂದ ಆಚೆಗೆ ಶಿಕ್ಷಕರು ಬರುವ ಹಾಗಿಲ್ಲ, ಯಂತ್ರ ಮುಟ್ಟುವ ಹಾಗಿಲ್ಲ ಅಂದರು. ನಾನು ಹಗ್ಗದ ಹಿಂದೆ ನಿಂತೆ. ಪಕ್ಕದಲ್ಲಿ ಹುಣಸೂರಿನ ಕಡೆಯ ಪರಿಚಯದ ಮೇಷ್ಟ್ರುಗಳೂ ಇದ್ದರು.

ತಾಲೀಮಿಗೆ ಇಟ್ಟರೆ ನಮ್ಮ ಯಂತ್ರ ಅಲ್ಲಾಡಲಿಲ್ಲ. ಬೊಮ್ಮಿ ಕೈಗೆತ್ತಿಕೊಂಡಳು, ಗರ್ ಅಂತ ಚಕ್ರ ತಿರುಗಿತು. ನೆಲಕ್ಕಿಟ್ಟಳು, ಸತ್ತಂತೆ ನಿಂತಿತು. ಎತ್ತಿದರೆ ಓಡುತ್ತೆ, ಇಟ್ಟರೆ ನಿಲ್ಲುತ್ತೆ. ಟೈ ಕಟ್ಟಿದ ಹುಡುಗರು ನಗತೊಡಗಿದರು. ಯಾರೋ ಮೇಷ್ಟ್ರು "ಎತ್ಕೊಂಡೇ ಓಡಿ ಬನ್ನಿ ಮಕ್ಕಳೇ" ಅಂದರು. ಬೆಸುಗೆ ಸಡಿಲವಾಗಿದೆ, ಅದಕ್ಕೇ ಅಲುಗಿದರೆ ಹತ್ತುತ್ತೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ.

"ಎಷ್ಟು ಸಲ ಬಡ್ಕೊಂಡೆ ನಿನಗೆ, ಬೆಸುಗೆ ಗಟ್ಟಿಯಾಗಿ ಹಾಕು ಅಂತ!" ಅಂತ ಹಾಲು ಕೇಳುವ ಹಾಗೆ ಕೂಗಿದೆ. "ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ಲ ಅಂದ್ಮೇಲೆ ಇಲ್ಲೀತನಕ ಯಾಕೆ ಬಂದೆ? ಎಲ್ಲರ ಮಾನ ಕಳೆದೆಯಲ್ಲೇ!"

ಬೊಮ್ಮಿ ಯಂತ್ರವನ್ನು ಮೆತ್ತಗೆ ಕೆಳಗಿಟ್ಟಳು, ಗೋಡೆ ಪಕ್ಕದಲ್ಲಿದ್ದ ತನ್ನ ಚೀಲ ಎತ್ತಿಕೊಂಡಳು, ಬಾಗಿಲು ದಾಟಿ ಹೋದಳು. ಆ ಚೀಲ ನೋಡಿದ ಮೇಲೆ ನನಗೆ ಹಾಡಿಯ ಅಂಗಳ, ಕಾಳಮ್ಮನ ಮಾತು ಎಲ್ಲಾ ನೆನಪಾಯಿತು.

ಅಷ್ಟರಲ್ಲಿ ತೀರ್ಪುಗಾರ, ಇನ್ನೂ ಚಿಕ್ಕ ವಯಸ್ಸಿನ ಲೆಕ್ಚರರು, ನಮ್ಮ ಯಂತ್ರ ಮಗುಚಿ ನೋಡಿದರು. "ಬೆಸುಗೆ ಚೆನ್ನಾಗೇ ಇದೆ ಮೇಡಂ. ಇದನ್ನ ಬಿಳಿ ಗೆರೆಗೆ ಮಾಡಿದ್ದೀರ. ಇಲ್ಲಿರೋದು ಬಿಳಿ ನೆಲ, ಕಪ್ಪು ಗೆರೆ. ನಿಯಮದಲ್ಲಿ ಬರೆದಿದ್ದೀವಲ್ಲ, ಎರಡನೇ ಪುಟದಲ್ಲಿ?"

ಕಣ್ಣೆದುರಿಗೇ ಇದ್ದ ಕಪ್ಪು ಗೆರೆಯನ್ನು ನಾನು ನೋಡಿಯೂ ನೋಡಿರಲಿಲ್ಲ. ಪರ್ಸಿನಿಂದ ಕಾಗದ ತೆಗೆದೆ. ಎರಡನೇ ಪುಟದ ಮೊದಲ ಸಾಲೇ ಅದು. ಬಿಳಿ ಕಂಡಾಗ ನಿಲ್ಲು ಅಂತ ನಾವೇ ಕಲಿಸಿದ್ದ ಯಂತ್ರ, ಎಲ್ಲೆಲ್ಲೂ ಬಿಳಿ ಕಂಡು ನಿಂತಿತ್ತು. ನಾವು ಹೇಳಿದ ಮಾತನ್ನು ಅದು ಕೇಳಿತ್ತು. ಬೊಮ್ಮಿಯೂ ಕೇಳಿದ್ದಳು. ಓದದೆ ಬಿಟ್ಟವಳು ನಾನೊಬ್ಬಳೇ.

ಹೊರಗೆ ಓಡಿದೆ. ಮೆಟ್ಟಿಲ ಮೇಲೆ ಚೀಲ ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದೆ, "ತಪ್ಪು ನಂದು ಕಣೇ ಬೊಮ್ಮಿ. ನೀನು ಅವತ್ತೇ ಕೇಳಿದ್ದೆ. ನಾನು ಓದಿರಲಿಲ್ಲ."

ಅವಳು ನನ್ನ ಕಡೆ ನೋಡದೆ ಹೇಳಿದಳು, "ಇಲ್ಲಿ ಯೋಳ್ತಿದೀರಲ್ಲ ಮಿಸ್. ಬೈದಿದ್ದು ಅಲ್ಲಿ."

ನಿಜ ಹೇಳುತ್ತೇನೆ, ಒಳಗೆ ಹೋಗಿ ಆ ಮೇಷ್ಟ್ರುಗಳ ಮುಂದೆ ಬಾಯಿ ಬಿಡುವುದು ನನಗೆ ಸಾವಾಗಿತ್ತು. ಸುಮ್ಮನೆ ವಾಪಸು ಹೋಗಿಬಿಡೋಣ ಅಂತಲೂ ಅನ್ನಿಸಿತು. ಆದರೆ ವಾಪಸು ಹೋದರೆ ಈ ಹುಡುಗಿ ನೇರ ಹಾಡಿಗೆ, ಮತ್ತೆ ಶಾಲೆಯ ಬಾಗಿಲಿಗಿಲ್ಲ. ಎದ್ದೆ. "ಬಾ" ಅಂದೆ. ಅವಳು ಬಾಗಿಲ ತನಕ ಬಂದು ಅಲ್ಲೇ ನಿಂತಳು.

ಹಗ್ಗದ ಹತ್ತಿರ ನಿಂತು, ಬೈದಷ್ಟೇ ಗಟ್ಟಿಯಾಗಿ ಹೇಳಿದೆ: "ಎಲ್ಲರೂ ಒಂದು ನಿಮಿಷ ಕೇಳಿ. ಈಗ ನಾನು ಈ ಹುಡುಗೀನ ಬೈದೆ. ಬೆಸುಗೆ ಹಾಕಿದ್ದು ಅವಳು, ಅದು ಸರಿಯಾಗಿದೆ. ಗೆರೆ ಯಾವ ಬಣ್ಣ ಅಂತ ಅವಳು ಕೇಳಿದ್ಲು. ನಾನು ನಿಯಮ ಓದದೆ ಅವಳ ಬಾಯಿ ಮುಚ್ಚಿಸಿದೆ. ತಪ್ಪು ಪೂರ್ತಿ ನಂದು." ಒಬ್ಬರೂ ನಗಲಿಲ್ಲ.

ಬೊಮ್ಮಿ ಚೀಲವನ್ನು ಗೋಡೆಗೊರಗಿಸಿ ಒಳಗೆ ಬಂದಳು. ನಮ್ಮ ಸರದಿಗೆ ಇಪ್ಪತ್ತು ನಿಮಿಷ ಇತ್ತು. ಯಂತ್ರವನ್ನು ಸುತ್ತ ತಿರುಗಿಸಿ ನೋಡಿದಳು. "ಲೋ ನಾಗ, ಕೊಡೆ ತತ್ತಾರ್ಲಾ" ಅಂದಳು. ಬಿಸಿಲಿಲ್ಲದ ಹಾಲಿಗೂ ಅಭ್ಯಾಸಬಲದಿಂದ ಅವನು ಕಪ್ಪು ಕೊಡೆ ತಂದಿದ್ದ. ಮಡಚಿದ ಕೊಡೆಯನ್ನು ಮಲಗಿಸಿ, ಅದರ ಸಡಿಲ ಬಟ್ಟೆಯನ್ನು ನೆಲಕ್ಕೆ ಹರಡಿ ಅದರ ಮೇಲೆ ಯಂತ್ರ ಇಟ್ಟಳು. ಓಡಿತು. "ಉಲ್ಟಾ ಆಗ್ಬೇಕು ಅಷ್ಟೇ. ಬಿಳಿ ಕಂಡ್ರೆ ಓಡ್ಬೇಕು, ಕಪ್ಪು ಕಂಡ್ರೆ ನಿಲ್ಬೇಕು" ಅಂದಳು. ಮೋಟಾರು ಹಚ್ಚುವ ಆರಿಸುವ ಎರಡು ರಿಲೇಗಳಿದ್ದವು. ಒಂದೊಂದರಲ್ಲೂ ಒಂದು ತಂತಿಯನ್ನು ಅದರ ಒಂದು ಲೋಹದ ಕಾಲಿನಿಂದ ಪಕ್ಕದ ಕಾಲಿಗೆ ಬದಲಿಸಿದರೆ ಆಯಿತು. ಕಾದ ಬೆಸುಗೆ ಕಡ್ಡಿ ಕೇಳಿ ತಂದಳು.

ಮೊದಲ ತಂತಿಯನ್ನು ಬಿಚ್ಚಿ, ತಿರುಗಿ ಅದೇ ಕಾಲಿಗೇ ಹಿಡಿದಳು. ಹಗ್ಗದ ಹಿಂದೆ ನನಗೆ ಕಂಡಿತು. ಬಾಯಿ ತುದಿಗೆ ಬಂದ ಮಾತನ್ನು ಕಷ್ಟಪಟ್ಟು ನುಂಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ನನ್ನ ಇಡೀ ನೌಕರಿಯಲ್ಲಿ ಅದಕ್ಕಿಂತ ಕಷ್ಟದ ಕೆಲಸ ಮಾಡಿಲ್ಲ. ಅವಳು ತಡೆದಳು, ಮತ್ತೊಮ್ಮೆ ನೋಡಿದಳು, ತಾನೇ ಪಕ್ಕದ ಕಾಲಿಗೆ ಬದಲಿಸಿದಳು.

ಯಂತ್ರ ಓಡಿತು. ದಾರಿಯ ನಡುವೆ ಒಂದು ಕಡೆ ಗೆರೆ ಕಡಿದುಹೋಗಿತ್ತು. ಮಿರಿಮಿರಿ ಯಂತ್ರಗಳು ಅಲ್ಲಿ ಗಿರಗಿರ ತಿರುಗುತ್ತಿದ್ದವು. ನಮ್ಮದು ನೆಟ್ಟಗೆ ಹೋಗಿ ಮುಂದಿನ ಗೆರೆ ಹಿಡಿಯಿತು. ಲೆಕ್ಚರರು ಚಪ್ಪಾಳೆ ತಟ್ಟಿದರು. ಕೊನೆಯ ಚೂಪು ತಿರುವಿನಲ್ಲಿ ಬೋರ್ಡಿನ ಸಂದಿಗೆ ಚಮಚ ಸಿಕ್ಕಿಕೊಂಡು ನಿಂತುಹೋಯಿತು. ಬಹುಮಾನ ಬರಲಿಲ್ಲ. "ಬುಡಿ ಮಿಸ್, ಚಮ್ಚ ಬದ್ಲಾಯ್ಸಾಣ" ಅಂದಳು ಬೊಮ್ಮಿ. ಅವತ್ತು ಅವಳು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಬಸ್ಸಿನಲ್ಲಿ ನಾನೂ ಹಾಡಿಗೆ ಬರುತ್ತೇನೆ ಅಂದಾಗ ಅವಳು ಗಾಬರಿಯಾದಳು. "ಯಾಕ್ ಮಿಸ್? ನಾ ಅವ್ವಂಗೆ ಯೋಳಾಕಿಲ್ಲ."

"ಮಾತು ಕೊಟ್ಟಿದ್ದು ನಾನು ಕಣೇ."

ಮಾರನೆಯ ದಿನ ಬೆಳಿಗ್ಗೆ ಹೋದೆ. ನಡೆದದ್ದೆಲ್ಲ ಹೇಳಿದೆ. ಕಾಳಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. ಆಮೇಲೆ ಕೇಳಿದರು, "ಎಷ್ಟ್ ಜನ್ರ ಮುಂದೆ ಬೈದ್ರಿ?"

"ಹಾಲು ತುಂಬ ಜನ ಇದ್ರು."

"ತಪ್ಪು ನಂದು ಅಂದಿದ್ದು?"

"ಅವರೆಲ್ಲರ ಮುಂದೇನೇ."

ಕಾಳಮ್ಮ ಮಗಳ ಕಡೆ ನೋಡಿದರು. ಬೊಮ್ಮಿ ಹೌದು ಅಂತ ತಲೆ ಆಡಿಸಿದಳು. "ಓಗು" ಅಂದರು ಅವಳಿಗೆ. "ಆದ್ರೆ ಒಂದ್ ಮಾತು. ಮೇಡಮ್ಮೋರು ಓದ್ದೆ ಬುಟ್ಟ ಕಾಗ್ದಾನ ಇನ್ಮೇಲೆ ನೀನೇ ಓದಾದ್ ಕಲ್ತ್ಕೊ."

ಮುಂದಿನ ವರ್ಷ ಅದೇ ಕಾಲೇಜಿನಿಂದ ಲಕೋಟೆ ಬಂತು. ನಾನು ಒಡೆಯಲಿಲ್ಲ. ಹಾಗೇ ಬೊಮ್ಮಿಯ ಕೈಗೆ ಕೊಟ್ಟು, ಜೊತೆಗೆ ಶಾಲೆಯ ಹಳೆಯ ಡಿಕ್ಷನರಿ ಇಟ್ಟೆ. ಎರಡು ದಿನ ಅದನ್ನು ಇಟ್ಟುಕೊಂಡು ಒಂದೊಂದೇ ಪದ ಹುಡುಕಿದಳು. ಮೂರನೆಯ ದಿನ ಪ್ರಾರ್ಥನೆಗೂ ಮೊದಲೇ ಸ್ಟಾಫ್‌ರೂಮಿನ ಬಾಗಿಲಿಗೆ ಬಂದು ನಿಂತಳು. ಎರಡೂ ಪುಟದ ತುಂಬ ಪೆನ್ಸಿಲ್ಲಿನಲ್ಲಿ ಕನ್ನಡ ಬರೆದಿದ್ದಳು.

"ಮಿಸ್, ಈ ಸಲ ಗೆರೆನೇ ಇಲ್ವಂತೆ!" ಅಂದಳು. "ಅವ್ವ ಕೇಳಿದ್ಲಲ್ಲ, ಅಂಗೇ."

"ಹಾಗಾದ್ರೆ ಏನು ಮಾಡೋಣ?" ಅಂತ ಕೇಳಿದೆ. ಅಷ್ಟು ವರ್ಷ ಮಕ್ಕಳಿಗೆ ಸಾವಿರಾರು ಪ್ರಶ್ನೆ ಕೇಳಿದ್ದೆ. ಉತ್ತರ ನನಗೂ ಗೊತ್ತಿಲ್ಲದೆ ಕೇಳಿದ್ದು ಅದೇ ಮೊದಲು.